ಬಟ್ಟೆ ತುಳಿದವರ ಹೆಸರು ವಾಕರ್: ಇಂಗ್ಲಿಷ್ ಅಡ್ಡಹೆಸರಿನ ಮೂಲ ಹುಡುಕುವ ಬಗೆ

ಜಾನಿ ವಾಕರ್ ಬಾಟಲಿಯ ಮೇಲೆ ಎತ್ತರದ ಟೊಪ್ಪಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ದಾಪುಗಾಲು ಹಾಕುವ ಮನುಷ್ಯನ ಚಿತ್ರವಿದೆ. ಅದು 1908ರಲ್ಲಿ ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ ಬರೆದದ್ದು. ಹೆಸರು ಮಾತ್ರ 1820ರಲ್ಲಿ ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಊರಿನಲ್ಲಿ ದಿನಸಿ ಅಂಗಡಿ ತೆರೆದ ಜಾನ್ ವಾಕರ್‌ನದು. ವಾಕ್ ಎಂದರೆ ನಡಿಗೆ, ಹಾಗಾಗಿ ವಾಕರ್ ಎಂದರೆ ನಡೆಯುವವನು ಎಂದು ಚಿತ್ರಕಾರ ಓದಿದ. ಇಂದು ಯಾರನ್ನು ಕೇಳಿದರೂ ಹಾಗೆಯೇ ಓದುತ್ತಾರೆ. ಆದರೆ ಆ ಹೆಸರು ಹುಟ್ಟಿದ ಕಾಲದಲ್ಲಿ ವಾಕರ್ ಎಂದರೆ ಮಗ್ಗದಿಂದ ಇಳಿದ ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ, ಗಂಟೆಗಟ್ಟಲೆ ಕಾಲಿನಿಂದ ತುಳಿದು ಗಟ್ಟಿ ಮಾಡುವ ಕಸುಬಿನವನು.

ಇಂಗ್ಲೆಂಡಿನಲ್ಲಿ ಅತಿ ಸಾಮಾನ್ಯವಾದ ಇಪ್ಪತ್ತು ಅಡ್ಡಹೆಸರುಗಳಲ್ಲಿ ವಾಕರ್ ಕೂಡ ಒಂದು. ಇಂಥ ಹೆಸರಿನ ಮೂಲವನ್ನು ಹೆಜ್ಜೆ ಹೆಜ್ಜೆಯಾಗಿ ಹುಡುಕುವುದು ಹೇಗೆ, ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ಇದೇ ಹೆಸರನ್ನಿಟ್ಟುಕೊಂಡು ಇಲ್ಲಿ ತೋರಿಸಲಾಗಿದೆ. ಬೇರೆ ಹೆಸರು ಹಿಡಿದು ಹೊರಟವರಿಗೂ ದಾರಿ ಇದೇ.

ಪ್ರಶ್ನೆಯನ್ನು ಮೊದಲು ಎರಡು ಮಾಡಿಕೊಳ್ಳಿ

'ಈ ಹೆಸರು ಎಲ್ಲಿಂದ ಬಂತು' ಎನ್ನುವ ಮಾತಿನೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಪದಕ್ಕೆ ಅರ್ಥವೇನು, ಅದು ಯಾವ ಕಾಲದಲ್ಲಿ ಹೆಸರಾಯಿತು ಎಂಬುದು ಭಾಷೆಯ ಪ್ರಶ್ನೆ. ಒಳ್ಳೆಯ ನಿಘಂಟುಗಳಿದ್ದರೆ ಕೆಲವು ದಿನಗಳಲ್ಲಿ ಇದಕ್ಕೆ ಉತ್ತರ ಸಿಗುತ್ತದೆ. ನಿಮಗೆ ಬೇಕಾದ ಒಂದು ನಿರ್ದಿಷ್ಟ ಮನೆತನಕ್ಕೆ ಆ ಹೆಸರು ಹೇಗೆ ಅಂಟಿತು ಎಂಬುದು ವಂಶದ ಪ್ರಶ್ನೆ. ಇದಕ್ಕೆ ಒಂದೊಂದು ತಲೆಮಾರಿನ ದಾಖಲೆ ಹಿಡಿದು ಹಿಂದಕ್ಕೆ ಹೋಗಬೇಕು. ವರ್ಷಗಳೇ ಹಿಡಿಯಬಹುದು, ಅಷ್ಟಾದರೂ 1600ರ ಆಚೆಗೆ ದಾಟದೇ ಹೋಗಬಹುದು. ಮೊದಲನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿಬಿಡುವುದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ತಪ್ಪು. ಮದುವೆಯಿಂದ, ದತ್ತಿನಿಂದ, ತಾಯಿಯ ಕಡೆಯಿಂದ, ಅನುವಾದದಿಂದ, ಗುಲಾಮಗಿರಿಯಿಂದ, ಹೀಗೆ ಎಷ್ಟೋ ದಾರಿಯಿಂದ ಬಟ್ಟೆ ತುಳಿಯದವರಿಗೂ ವಾಕರ್ ಎಂಬ ಹೆಸರು ಬಂದಿದೆ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆದುಕೊಳ್ಳಿ: ವರ್ಷ, ಊರು, ದಾಖಲೆಯಲ್ಲಿ ಇದ್ದಂತೆಯೇ ಕಾಗುಣಿತ, ದಾಖಲೆಯ ಬಗೆ. ಕಾಗುಣಿತವನ್ನು ತಿದ್ದಿ ಬರೆಯಬೇಡಿ. ತಪ್ಪೆಂದು ಕಂಡ ಅಕ್ಷರವೇ ಮುಂದೆ ಸುಳಿವಾಗುತ್ತದೆ.

ಹೆಸರಿನ ಜಾತಿ ಗುರುತಿಸಿ

ಇಂಗ್ಲಿಷ್ ಅಡ್ಡಹೆಸರುಗಳು ಹೆಚ್ಚುಕಡಿಮೆ ನಾಲ್ಕು ಬಗೆಯವು. ಕಸುಬಿನವು: ಸ್ಮಿತ್, ಟೇಲರ್, ಕೂಪರ್. ಊರು ಅಥವಾ ನೆಲದ ಗುರುತಿನವು: ಹಿಲ್, ಲಿಂಕನ್. ತಂದೆಯ ಹೆಸರಿನವು: ಜಾನ್ಸನ್, ವಿಲಿಯಮ್ಸ್. ಮೈಬಣ್ಣ, ಕೂದಲು, ಸ್ವಭಾವ ನೋಡಿ ಜನ ಇಟ್ಟವು: ಬ್ರೌನ್, ಕೆಂಗೂದಲಿನವನಿಗೆ ರಸೆಲ್. ಧಾರವಾಡ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಡಿಗೇರ, ಕಂಬಾರ, ಪತ್ತಾರ, ಹೂಗಾರ ಎಂಬ ಅಡ್ಡಹೆಸರುಗಳು ಕಸುಬಿನಿಂದ ಬಂದಿವೆ. ಊರಿನ ಹೆಸರೇ ಮನೆತನದ ಹೆಸರಾದವರೂ ಅಲ್ಲಿ ಬೇಕಾದಷ್ಟು ಜನ.

ವಾಕರ್ ಕಸುಬಿನ ಗುಂಪಿನದು ಎಂದು ಅದರ ಕೊನೆಯ 'ಅರ್' ಪ್ರತ್ಯಯವೇ ಹೇಳುವಂತೆ ಕಾಣುತ್ತದೆ. ಆದರೆ ಕೊನೆಯನ್ನು ನೋಡಿ ತೀರ್ಮಾನಿಸುವುದು ಅಪಾಯ. ಯಾಕೆಂಬುದು ಮುಂದೆ ಬರುತ್ತದೆ.

ಪದವನ್ನು ಅದರ ಕಾಲದ ನಿಘಂಟಿನಲ್ಲಿ ನೋಡಿ

ಇಂಗ್ಲೆಂಡಿನಲ್ಲಿ ಅಡ್ಡಹೆಸರು ತಂದೆಯಿಂದ ಮಗನಿಗೆ ಇಳಿಯುವ ಪದ್ಧತಿ ನಿಂತದ್ದು ಸುಮಾರು 12ರಿಂದ 15ನೇ ಶತಮಾನದ ನಡುವೆ. ಶ್ರೀಮಂತರಲ್ಲಿ ಮತ್ತು ದಕ್ಷಿಣದಲ್ಲಿ ಮೊದಲು, ಬಡವರಲ್ಲಿ ಮತ್ತು ಉತ್ತರದಲ್ಲಿ ತಡವಾಗಿ. ಆದ್ದರಿಂದ ಹೆಸರಿನ ಅರ್ಥಕ್ಕೆ ಇಂದಿನ ನಿಘಂಟು ಪ್ರಯೋಜನವಿಲ್ಲ. ಆ ಶತಮಾನಗಳ ನುಡಿಗೆ ಮಧ್ಯಕಾಲೀನ ಇಂಗ್ಲಿಷ್ ಎಂದು ಹೆಸರು. ಮಿಶಿಗನ್ ವಿಶ್ವವಿದ್ಯಾಲಯ ಸಿದ್ಧಪಡಿಸಿದ ಅದರ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಆಕ್ಸ್‌ಫರ್ಡ್ 2016ರಲ್ಲಿ ಹೊರತಂದ, ಬ್ರಿಟನ್ ಮತ್ತು ಐರ್ಲೆಂಡಿನ ಕುಲನಾಮಗಳ ನಾಲ್ಕು ಸಂಪುಟಗಳ ನಿಘಂಟಿನಲ್ಲಿ ಹೆಸರುಗಳ ಹಳೆಯ ಉಲ್ಲೇಖಗಳನ್ನು ವರ್ಷ, ಊರಿನ ಸಮೇತ ಕೊಟ್ಟಿದ್ದಾರೆ. ಮೊದಲು ಈ ಎರಡನ್ನು ನೋಡಿ. ವರ್ಷವನ್ನೂ ಊರನ್ನೂ ಕೊಡದೆ ಬರೀ ಅರ್ಥವನ್ನಷ್ಟೇ ಹೇಳುವ ಜಾಲತಾಣವನ್ನು ನಂಬಬೇಡಿ.

ವಾಕರ್‌ನ ಬೇರು ಹಳೆಯ ಇಂಗ್ಲಿಷಿನ 'ವೆಯಲ್ಕೆರೆ' ಎಂಬ ಪದ, ಬಟ್ಟೆ ತುಳಿದು ಹದಮಾಡುವವನು ಎಂದು ಅರ್ಥ. ಅದರ ಕ್ರಿಯಾಪದ 'ವೆಯಲ್ಕನ್' ಎಂದರೆ ಹೊರಳಿಸು, ಉರುಳಿಸು, ಅತ್ತಿಂದಿತ್ತ ತಳ್ಳು. ಕಾಲಿನಲ್ಲಿ ಹೋಗುವುದಕ್ಕೆ ಆಗ ಬೇರೆ ಕ್ರಿಯಾಪದಗಳಿದ್ದವು. 1200ರ ಹೊತ್ತಿಗೆ ವಾಕ್ ಎಂಬ ಪದ ಓಡಾಡು, ನಡೆದು ಹೋಗು ಎಂಬ ಅರ್ಥಕ್ಕೆ ಹೊರಳಿತು. ಹಳೆಯ ಅರ್ಥ ಕಸುಬಿನವರ ಬಾಯಲ್ಲಿ ಮತ್ತು ಅವರ ಹೆಸರಿನಲ್ಲಿ ಉಳಿದುಕೊಂಡಿತು. ಜರ್ಮನ್ ಭಾಷೆಯಲ್ಲಿ ಇಂದಿಗೂ 'ವಾಲ್ಕನ್' ಎಂದರೆ ಬಟ್ಟೆ ತುಳಿದು ಗಟ್ಟಿ ಮಾಡುವುದೇ.

ಕನ್ನಡದಲ್ಲಿ 'ವಾಕರ್' ಎಂದು ಬರೆದಾಗ ನಡುವಿನ 'ಲ್' ಮಾಯವಾಗುತ್ತದೆ. ಇಂಗ್ಲಿಷರ ಉಚ್ಚಾರಣೆಯಲ್ಲೂ ಅದು ಇಲ್ಲ, ಆದರೆ ಕಾಗುಣಿತದಲ್ಲಿದೆ. ಬೇರಿನ ಗುರುತು ಅದೇ, ಹುಡುಕುವಾಗ ಮರೆಯಬೇಡಿ.

ಇಂದಿನ ಕಿವಿಯಿಂದ ಹಳೆಯ ಹೆಸರನ್ನು ಕೇಳಿ ಮೋಸಹೋಗುವುದು ವಾಕರ್ ಒಂದರಲ್ಲಿ ಮಾತ್ರವಲ್ಲ. ಕವರ್ಡ್ ಎಂಬ ಮನೆತನದವರು ಹೇಡಿಗಳ ಸಂತತಿಯಲ್ಲ, ದನ ಕಾಯುವವರ ಸಂತತಿ. ಫಾರ್ಮರ್ ಮೊದಲಿಗೆ ರೈತನಾಗಿರಲಿಲ್ಲ. ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿದವನಾಗಿದ್ದ.

ಕಸುಬು ಏನೆಂದು ತಿಳಿದುಕೊಳ್ಳಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ಆದರೆ ಕಸುಬಿನ ಒಳಹೊರಗು ಗೊತ್ತಿಲ್ಲದೆ ಹೆಸರು ಯಾಕೆ ಇಷ್ಟು ಹರಡಿತು, ಯಾಕೆ ಕೆಲವೇ ಸೀಮೆಗಳಲ್ಲಿ ದಟ್ಟವಾಗಿದೆ ಎಂಬುದು ಅರ್ಥವಾಗುವುದಿಲ್ಲ.

ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಜಾಳುಜಾಳಾಗಿರುತ್ತದೆ. ನೂಲಿನಲ್ಲಿ ಕುರಿಯ ಮೈಜಿಡ್ಡು ಇರುತ್ತದೆ, ನೂಲುವಾಗ ಹಚ್ಚಿದ ಎಣ್ಣೆಯೂ ಇರುತ್ತದೆ. ಮೊದಲು ಈ ಜಿಡ್ಡು ಹೋಗಬೇಕು. ಅದಕ್ಕೆ ಹಳಸಿದ ಮೂತ್ರವನ್ನು ಬಳಸುತ್ತಿದ್ದರು. ಹಳಸಿದಾಗ ಅದರಲ್ಲಿ ಅಮೋನಿಯ ಉಂಟಾಗಿ ಜಿಡ್ಡನ್ನು ಕರಗಿಸುತ್ತದೆ. ಜೊತೆಗೆ ಎಣ್ಣೆ ಹೀರುವ ಒಂದು ಬಗೆಯ ಜೇಡಿಮಣ್ಣು. ನಮ್ಮಲ್ಲಿ ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಅದೇ ಜಾತಿಯದು. ಪೊಟ್ಟಣದ ಮೇಲೆ 'ಫುಲ್ಲರ್ಸ್ ಅರ್ತ್' ಎಂದು ಬರೆದಿರುತ್ತದಲ್ಲ, ಆ ಫುಲ್ಲರ್ ಈ ವಾಕರ್‌ನ ಒಡಹುಟ್ಟಿದವನೇ. ಇಬ್ಬರದೂ ಒಂದೇ ಕಸುಬು.

ಆಮೇಲೆ ನೀರಿನ ತೊಟ್ಟಿಯಲ್ಲಿ ಬಟ್ಟೆಯನ್ನು ಮಡಚಿ ಹಾಕಿ ತುಳಿಯುವುದು. ಉಣ್ಣೆಯ ಎಳೆಯ ಮೇಲೆ ಮೀನಿನ ಮೈಯಂತೆ ಸಣ್ಣ ಸಣ್ಣ ಪದರಗಳಿವೆ. ಒದ್ದೆ, ಬಿಸಿ, ಒತ್ತಡ ಮೂರೂ ಸೇರಿದಾಗ ಒಂದು ಎಳೆಯ ಪದರ ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ. ಬಟ್ಟೆ ಉದ್ದದಲ್ಲೂ ಅಗಲದಲ್ಲೂ ಕುಗ್ಗಿ, ನೇಯ್ಗೆಯ ಕಣ್ಣು ಮುಚ್ಚಿ, ಗಾಳಿ ಮಳೆ ತಡೆಯುವಷ್ಟು ದಪ್ಪವಾಗುತ್ತದೆ. ಕುಗ್ಗುವುದು ಮೊದಲೇ ಗೊತ್ತಿರುವುದರಿಂದ ನೇಕಾರ ಬೇಕಾದ ಅಳತೆಗಿಂತ ಅಗಲವಾಗಿಯೇ ನೇಯುತ್ತಿದ್ದ. ತುಳಿತ ಕಡಿಮೆಯಾದರೆ ಬಟ್ಟೆ ಜಾಳಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಹಲಗೆಯಂತಾಗುತ್ತದೆ. ಮಡಿಕೆಯನ್ನು ಆಗಾಗ ಬದಲಿಸದಿದ್ದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಹದ ಬಂದ ಮೇಲೆ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಎಳೆದು, ಬಿಸಿಲಿಗೆ ಒಣಗಿಸುತ್ತಿದ್ದರು.

ಹತ್ತಿಯ ಎಳೆಗೆ ಇಂಥ ಪದರಗಳಿಲ್ಲ, ಹತ್ತಿ ಬಟ್ಟೆಗೆ ಈ ಕೆಲಸವೂ ಬೇಕಿಲ್ಲ. ಹಾಗಾಗಿ ವಾಕರ್ ಎಂಬುದನ್ನು ಕನ್ನಡಕ್ಕೆ ತರುವಾಗ 'ಅಗಸ' ಎಂದು ಬರೆದರೆ ತಪ್ಪಾಗುತ್ತದೆ. ಅಗಸನ ಕೈಗೆ ಬರುವುದು ಉಟ್ಟು ಬಿಟ್ಟ ಬಟ್ಟೆ, ವಾಕರ್‌ನ ತೊಟ್ಟಿಗೆ ಬೀಳುವುದು ಇನ್ನೂ ಯಾರೂ ಉಡದ ಬಟ್ಟೆ.

12ನೇ ಶತಮಾನದ ಕೊನೆಯ ಹೊತ್ತಿಗೆ ಕಾಲಿನ ಜಾಗಕ್ಕೆ ಗಿರಣಿ ಬಂತು. ನೀರಿನ ಚಕ್ರ ತಿರುಗಿದಂತೆ ಮರದ ಸುತ್ತಿಗೆಗಳು ಏರಿ ಇಳಿದು ಬಟ್ಟೆಯನ್ನು ಕುಟ್ಟುತ್ತವೆ. 1185ರಲ್ಲಿ ಟೆಂಪ್ಲರ್ ಎಂಬ ಸನ್ಯಾಸಿ ಯೋಧರ ಆಸ್ತಿಪಟ್ಟಿ ತಯಾರಾದಾಗ ಯಾರ್ಕ್‌ಶೈರಿನ ನ್ಯೂಸಮ್‌ನಲ್ಲಿ ಇಂಥ ಗಿರಣಿ ಇರುವುದು ದಾಖಲಾಗಿದೆ. ತುಳಿಯುವ ಕೆಲಸ ನಿಂತರೂ ಗಿರಣಿ ನಡೆಸುವವನನ್ನು ಜನ ವಾಕರ್ ಎಂದೇ ಕರೆದರು, ಗಿರಣಿಗೆ ವಾಕ್‌ಮಿಲ್ ಎಂದರು. ಅಡ್ಡಹೆಸರುಗಳು ಗಟ್ಟಿಯಾಗುತ್ತಿದ್ದುದೂ ಇದೇ ಕಾಲದಲ್ಲಿ. ಗಿರಣಿಗೆ ರಭಸದ ಹೊಳೆ ಬೇಕು, ಹೊಳೆ ಇರುವುದು ಗುಡ್ಡಗಾಡಿನಲ್ಲಿ. ಹೊಳೆಹೊಳೆಗೂ ಒಂದು ಗಿರಣಿ, ಗಿರಣಿಗಿರಣಿಗೂ ಒಬ್ಬ ವಾಕರ್. ಒಂದಕ್ಕೊಂದು ಸಂಬಂಧವೇ ಇಲ್ಲದ ನೂರಾರು ಮನೆಗಳಿಗೆ ಒಂದೇ ಹೆಸರು ಬಿದ್ದದ್ದು ಹೀಗೆ.

ನಕ್ಷೆಯ ಮೇಲೆ ಇಟ್ಟು ನೋಡಿ

ಒಂದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲಿ ಮತ್ತು ಪಶ್ಚಿಮ ಮಿಡ್‌ಲ್ಯಾಂಡ್ಸ್‌ನಲ್ಲಿ ವಾಕರ್. ಆಗ್ನೇಯದಲ್ಲಿ ಮತ್ತು ಪೂರ್ವದಲ್ಲಿ ಫುಲ್ಲರ್, ಇದು ಲ್ಯಾಟಿನ್ನಿನ ಫುಲ್ಲೊ ಎಂಬುದರಿಂದ ಬಂದದ್ದು. ಡೆವನ್, ಸಾಮರ್‌ಸೆಟ್ ಇರುವ ನೈಋತ್ಯದಲ್ಲಿ ಟಕ್ಕರ್, ಹಿಂಸಿಸು ಎಂಬ ಅರ್ಥದ ಹಳೆಯ ಕ್ರಿಯಾಪದದಿಂದ ಹುಟ್ಟಿದ್ದು. ಬಟ್ಟೆಯ ಪಾಡು ನೋಡಿದರೆ ಆ ಪದ ಸರಿಯಾಗಿಯೇ ಇದೆ. ಎಕ್ಸಿಟರ್ ನಗರದಲ್ಲಿ ನೇಕಾರರು, ಬಟ್ಟೆ ತುಳಿಯುವವರು, ಬಟ್ಟೆಯ ಜುಂಗು ಕತ್ತರಿಸುವವರು ಸೇರಿ 1471ರಲ್ಲಿ ಕಟ್ಟಿಸಿದ ಟಕ್ಕರ್ಸ್ ಹಾಲ್ ಇಂದಿಗೂ ನಿಂತಿದೆ. ವೇಲ್ಸ್‌ನಲ್ಲಿ ಇಂಥ ಗಿರಣಿಗೆ 'ಪಂಡಿ' ಎನ್ನುತ್ತಾರೆ. ಟೋನಿಪಂಡಿ ಎಂಬ ಊರಿನ ಹೆಸರಲ್ಲಿ ಅದು ಉಳಿದಿದೆ.

ನೀವು ಹುಡುಕುವ ಹೆಸರಿನ ಹಂಚಿಕೆ ನೋಡಲು 1881ರ ಜನಗಣತಿ ಅತ್ಯುತ್ತಮ. ಇಡೀ ದೇಶದ ಹೆಸರುಗಳು ಅದರಲ್ಲಿವೆ, ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಕೌಂಟಿವಾರು, ಅಂದರೆ ಜಿಲ್ಲಾವಾರು, ಎಣಿಸುವಾಗ ಒಟ್ಟು ಸಂಖ್ಯೆ ನೋಡಿ ನಿಲ್ಲಬೇಡಿ. ಯಾರ್ಕ್‌ಶೈರ್, ಲ್ಯಾಂಕಶೈರ್‌ಗಳಲ್ಲಿ ಜನವೇ ಹೆಚ್ಚು, ಆದ್ದರಿಂದ ಯಾವ ಹೆಸರಾದರೂ ಅಲ್ಲಿ ಹೆಚ್ಚಾಗಿ ಕಾಣುತ್ತದೆ. ಆ ಕೌಂಟಿಯ ಜನಸಂಖ್ಯೆಯಿಂದ ಭಾಗಿಸಿ, ಹತ್ತು ಸಾವಿರ ಜನರಿಗೆ ಎಷ್ಟು ಎಂದು ಲೆಕ್ಕ ತೆಗೆಯಿರಿ. ಲಂಡನ್ನನ್ನು ಬದಿಗಿಡಿ, ಅಲ್ಲಿಗೆ ಎಲ್ಲ ಕಡೆಯಿಂದಲೂ ಜನ ಬಂದಿದ್ದಾರೆ. 1881ಕ್ಕಿಂತ ಈಚಿನ ನಕ್ಷೆಗಳಲ್ಲಿ ರೈಲು ಮತ್ತು ಕಾರ್ಖಾನೆಗಳಿಂದಾಗಿ ಜನ ಇನ್ನಷ್ಟು ಕಲಸಿಹೋಗಿರುತ್ತಾರೆ.

ಆದರೆ ನಕ್ಷೆಯನ್ನೇ ಸಾಕ್ಷಿಯೆಂದು ತಿಳಿಯಬೇಡಿ, ಅದು ದಿಕ್ಕು ತೋರಿಸುತ್ತದೆ ಅಷ್ಟೆ. ಮುಂಗಾರಿನ ಸುದ್ದಿ ಓದುವವರಿಗೆ ವಾಕರ್ ಸರ್ಕ್ಯುಲೇಷನ್ ಎಂಬ ಮಾತು ಗೊತ್ತು. ಪೆಸಿಫಿಕ್ ಸಾಗರದ ಮೇಲಿನ ಆ ಗಾಳಿಚಕ್ರಕ್ಕೆ 1969ರಲ್ಲಿ ಹವಾಮಾನ ವಿಜ್ಞಾನಿ ಯಾಕೊಬ್ ಬ್ಯರ್ಕ್‌ನೆಸ್ ಆ ಹೆಸರಿಟ್ಟದ್ದು ಗಿಲ್ಬರ್ಟ್ ವಾಕರ್ ಅವರ ನೆನಪಿಗೆ. 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದವರು ಅವರು. 1913ರಲ್ಲಿ ರಾಮಾನುಜನ್ ಅವರ ಗಣಿತ ನೋಡಿ ಮದರಾಸು ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ ಬರೆದವರೂ ಅವರೇ. ಹುಟ್ಟಿದ್ದು 1868ರಲ್ಲಿ, ಲ್ಯಾಂಕಶೈರಿನ ರಾಚ್‌ಡೇಲ್‌ನಲ್ಲಿ. ಅದು ಉಣ್ಣೆ ಬಟ್ಟೆಗೆ ಹೆಸರಾದ ಊರು, ವಾಕರ್‌ಗಳ ಸೀಮೆಯ ನಡುಮಧ್ಯ. ಹಾಗೆಂದು ಅವರ ಪೂರ್ವಜರು ಬಟ್ಟೆ ತುಳಿದವರು ಎಂದು ಬರೆದುಬಿಡುವಂತಿಲ್ಲ. ಊರು, ಹೆಸರು ಎರಡೂ ಹೊಂದಿದರೂ ನಡುವಿನ ಐದಾರು ನೂರು ವರ್ಷಗಳ ದಾಖಲೆ ಬೇಕೇ ಬೇಕು.

'ಲೆ' ಇದೆಯೋ 'ಡಿ' ಇದೆಯೋ ನೋಡಿ

13 ಮತ್ತು 14ನೇ ಶತಮಾನದ ದಾಖಲೆಗಳಲ್ಲಿ ಹೆಸರಿನ ನಡುವೆ ಒಂದು ಸಣ್ಣ ಪದ ಇರುತ್ತದೆ. 'ರಾಬರ್ಟ್ ಲೆ ವಾಕರ್' ಎಂದಿದ್ದರೆ ಕಸುಬು. 'ರಾಬರ್ಟ್ ಡಿ ವಾಕರ್' ಎಂದಿದ್ದರೆ ಊರು. ನ್ಯೂಕ್ಯಾಸಲ್ ಪಕ್ಕದಲ್ಲಿ ವಾಕರ್ ಎಂಬ ಒಂದು ಜಾಗವೇ ಇದೆ. ರೋಮನ್ನರ ಕಾಲದ ಹೇಡ್ರಿಯನ್ ಗೋಡೆಯ ಬದಿಯ ಜೌಗು ನೆಲ ಎಂದು ಅದರ ಅರ್ಥ: 'ವಾಲ್' ಎಂದರೆ ಗೋಡೆ, 'ಕರ್' ಎಂದರೆ ಜೌಗು. ನೋಡಲು ಕಸುಬಿನ ಪ್ರತ್ಯಯದಂತಿದ್ದ 'ಅರ್' ಇಲ್ಲಿ ಪ್ರತ್ಯಯವೇ ಅಲ್ಲ. ಕೊನೆಯನ್ನು ನೋಡಿ ತೀರ್ಮಾನಿಸಬೇಡಿ ಎಂದದ್ದು ಇದಕ್ಕೇ. ಈ ಜಾಗದಿಂದ ಹೆಸರು ಪಡೆದವರು ವಿರಳ, ಆದರೂ ನಾರ್ಥಂಬರ್ಲೆಂಡ್ ಕಡೆಯ ಮನೆತನವಾದರೆ ಇದನ್ನು ಪರೀಕ್ಷಿಸಲೇಬೇಕು.

ಕಾಡಿನ ಕಾವಲಿಗೆ ಸುತ್ತುವವನಿಂದ ವಾಕರ್ ಹೆಸರು ಬಂತು ಎಂಬ ವಿವರಣೆಯೂ ಚಾಲ್ತಿಯಲ್ಲಿದೆ. ರಾಜನ ಕಾಡಿನ ಒಂದು ಭಾಗಕ್ಕೆ ವಾಕ್ ಎನ್ನುತ್ತಿದ್ದುದು ನಿಜ, ಆದರೆ ಆ ಬಳಕೆ ಅಡ್ಡಹೆಸರುಗಳು ನೆಲೆನಿಂತ ಮೇಲೆ ಬಂದದ್ದು. ಇದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಲ್ಯಾಟಿನ್ ದಾಖಲೆ ಇನ್ನೊಂದು ತೊಡಕು. ಗುಮಾಸ್ತ ವಾಕರ್, ಫುಲ್ಲರ್, ಟಕ್ಕರ್ ಮೂವರನ್ನೂ 'ಫುಲ್ಲೊ' ಎಂದೇ ಬರೆಯುತ್ತಿದ್ದ. ಅಂಥ ನಮೂದು ಸಿಕ್ಕರೆ ಮನೆಯವರು ಅವನನ್ನು ಏನೆಂದು ಕರೆಯುತ್ತಿದ್ದರೋ ಗೊತ್ತಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ 'ಫುಲ್ಲೊ' ಎಂದೇ ಬರೆದಿಡಿ.

ಇಂಗ್ಲೆಂಡಿನ ಗಡಿ ದಾಟಿದರೆ ಕಥೆ ಬೇರೆ. ಸ್ಕಾಟ್ಲೆಂಡಿನ ಪಶ್ಚಿಮದಲ್ಲಿ ಗೇಲಿಕ್ ಮಾತಾಡುವವರ 'ಮ್ಯಾಕ್ ಅನ್ ಉಕಾಡರ್', ಅಂದರೆ ಬಟ್ಟೆ ತುಳಿಯುವವನ ಮಗ, ಇಂಗ್ಲಿಷಿಗೆ ಬಂದಾಗ ವಾಕರ್ ಆಯಿತು. ಅರ್ಥ ಉಳಿಯಿತು, ಪದ ಬದಲಾಯಿತು. ಹಾಗಾಗಿ ಆರ್ಗೈಲ್ ಕಡೆಯ ವಾಕರ್ ಮನೆತನವನ್ನು 18ನೇ ಶತಮಾನಕ್ಕಿಂತ ಹಿಂದೆ ವಾಕರ್ ಎಂಬ ಹೆಸರಿನಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಐರ್ಲೆಂಡಿನಲ್ಲಿ ಟಕ್ಕರ್ ಎಂಬುದು ಕೆಲವು ಕಡೆ ಒಂದು ಗೇಲಿಕ್ ಕುಲನಾಮಕ್ಕೆ ಹಾಕಿದ ಇಂಗ್ಲಿಷ್ ಮುಖವಾಡ; ಬಟ್ಟೆಗೂ ಅದಕ್ಕೂ ಸಂಬಂಧವಿಲ್ಲ. ಅಮೆರಿಕದಲ್ಲಿ ಜರ್ಮನ್ ವಲಸಿಗರ ವಾಲ್ಕರ್ ಕಾಗುಣಿತ ಬದಲಿಸದೆಯೇ ಇಂಗ್ಲಿಷ್ ವಾಕರ್ ಆಗಿಬಿಟ್ಟಿತು.

ಅಮೆರಿಕದ ಕರಿಯ ಜನರಲ್ಲಿ ವಾಕರ್ ಹೆಸರು ಬಹಳ. ಅಲ್ಲಿ ಇಂಗ್ಲಿಷ್ ಕಸುಬಿನ ಅರ್ಥವನ್ನು ಮುಂದಿಡುವುದು ಅವರಿಗೆ ಅನ್ಯಾಯ. 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ವಯಸ್ಸು, ಲಿಂಗ, ಬಣ್ಣ ಇದೆ, ಹೆಸರಿಲ್ಲ. ಬಿಡುಗಡೆಯಾದವರೆಲ್ಲರೂ ಹೆಸರಿನಿಂದ ಕಾಣಿಸಿಕೊಳ್ಳುವ ಮೊದಲ ಜನಗಣತಿ 1870ರದು. ಅಲ್ಲಿಂದ ಹಿಂದಕ್ಕೆ ಹೋಗಲು ಒಡೆಯರ ಉಯಿಲು, ಮಾರಾಟದ ಪತ್ರಗಳನ್ನು ಹಿಡಿಯಬೇಕು. ಹೆಸರಾಂತ ಉದ್ಯಮಿ ಮೇಡಮ್ ಸಿ. ಜೆ. ವಾಕರ್ 1867ರಲ್ಲಿ ಸಾರಾ ಬ್ರೀಡ್‌ಲವ್ ಆಗಿ ಹುಟ್ಟಿದವರು. ವಾಕರ್ ಅವರ ಗಂಡನ ಹೆಸರು.

ಇಂದಿನಿಂದ ಹಿಂದಕ್ಕೆ, ಒಂದೊಂದೇ ತಲೆಮಾರು

1300ರ ಒಬ್ಬ ವಾಕರ್‌ನನ್ನು ಹಿಡಿದು ಕೆಳಗಿಳಿದು ಬರುವ ಆಸೆ ಬೇಡ. ಇಂದಿನಿಂದ ಹಿಂದಕ್ಕೆ ಹೋಗಿ, ಸಾಕ್ಷಿ ಇಲ್ಲದ ಮೆಟ್ಟಿಲನ್ನು ಹತ್ತಬೇಡಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಜನನ, ಮದುವೆ, ಮರಣ ನೋಂದಣಿ 1837ರ ಜುಲೈ 1ರಿಂದ ಶುರು. ಸ್ಕಾಟ್ಲೆಂಡಿನಲ್ಲಿ 1855ರಿಂದ. ಇವುಗಳಲ್ಲಿ ಮದುವೆಯ ಪ್ರಮಾಣಪತ್ರಕ್ಕೆ ಹೆಚ್ಚು ಬೆಲೆ, ಯಾಕೆಂದರೆ ವಧೂವರರಿಬ್ಬರ ತಂದೆಯ ಹೆಸರು ಮತ್ತು ಕಸುಬು ಅದರಲ್ಲಿರುತ್ತದೆ. ಸೂಚಿಯನ್ನು ಫ್ರೀಬಿಎಂಡಿ ಎಂಬ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಆದರೆ ಹಳೆಯ ಸೂಚಿಯಲ್ಲಿ ತಾಯಿಯ ತವರಿನ ಹೆಸರು 1911ರ ನಂತರ ಮಾತ್ರ ಇದೆ. ಅಲ್ಲಿನ ಮುಖ್ಯ ನೋಂದಣಿ ಕಚೇರಿಯ ಸ್ವಂತ ಆನ್‌ಲೈನ್ ಸೂಚಿಯಲ್ಲಿ 1837ರಿಂದಲೂ ಅದು ಸಿಗುತ್ತದೆ. ವಾಕರ್‌ನಂಥ ಸಾಮಾನ್ಯ ಹೆಸರಿಗೆ ಈ ಒಂದು ವಿವರ ಜೀವದಾನ.

ಜನಗಣತಿಯಲ್ಲಿ 1841ರಿಂದ ಹೆಸರುಗಳು ಸಿಗುತ್ತವೆ. ಆದರೆ ಆ ವರ್ಷ 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ: 39 ಇದ್ದವನು 35. ಹುಟ್ಟೂರು ಸಿಗುವುದು 1851ರಿಂದ. ಸಾರ್ವಜನಿಕರಿಗೆ ತೆರೆದಿರುವ ಕೊನೆಯ ಗಣತಿ 1921ರದು. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಆ ಅಂತರ ತುಂಬಲು 1939ರ ನೋಂದಣಿ ಪುಸ್ತಕವಿದೆ.

1837ರ ಹಿಂದೆ ಚರ್ಚಿನ ಪುಸ್ತಕಗಳೇ ಗತಿ. ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಸೀಮೆಗೆ ಪ್ಯಾರಿಷ್ ಎಂದು ಹೆಸರು. ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರ ಬರೆದಿಡಲು ಆಜ್ಞೆ ಮಾಡಿದ. ಕಾಗದದ ಮೇಲಿದ್ದುದನ್ನು ಚರ್ಮಪತ್ರಕ್ಕೆ ಇಳಿಸಬೇಕೆಂಬ ಆದೇಶ ಬಂದದ್ದು 1598ರಲ್ಲಿ. ಆಗ ಬಹಳ ಕಡೆ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ಈಚಿನದನ್ನು ಮಾತ್ರ ನಕಲು ಮಾಡಿದರು, ಹಳೆಯ ಹಾಳೆಗಳು ಹೋದವು. 1642ರಿಂದ 1660ರವರೆಗಿನ ಅಂತರ್ಯುದ್ಧ ಮತ್ತು ಅದರ ನಂತರದ ವರ್ಷಗಳಲ್ಲಿ ಪುಸ್ತಕಗಳು ತೂತುತೂತು. ಮೂಲ ಸಿಗದಿದ್ದರೆ ವರ್ಷವರ್ಷವೂ ಬಿಷಪ್ಪನಿಗೆ ಕಳಿಸುತ್ತಿದ್ದ ಪ್ರತಿಗಳನ್ನು ಕೇಳಿ ನೋಡಿ.

ಎರಡು ವರ್ಷಗಳನ್ನು ಗಟ್ಟಿಯಾಗಿ ನೆನಪಿಡಿ. 1813ರಿಂದ ದೀಕ್ಷಾಸ್ನಾನದ ಮುದ್ರಿತ ನಮೂನೆಯಲ್ಲಿ ತಂದೆಯ ಕಸುಬಿಗೆ ಒಂದು ಅಂಕಣ ಬಂತು. 1754ರಿಂದ ಮದುವೆಯ ಪುಸ್ತಕದಲ್ಲಿ ದಂಪತಿಯ ಸಹಿ ಅಥವಾ ಗುರುತು ಇದೆ. ಒಂದೇ ಹೆಸರಿನ ಇಬ್ಬರನ್ನು ಸಹಿಯಿಂದ ಬೇರ್ಪಡಿಸಬಹುದು.

ತಾರೀಖಿನ ಬಲೆಗೆ ಬೀಳದವರೇ ಕಡಿಮೆ. ಇಂಗ್ಲೆಂಡಿನಲ್ಲಿ 1752ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1720ರ ಫೆಬ್ರವರಿ 10 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1721. ಇದು ತಿಳಿಯದಿದ್ದರೆ 1720ರ ಮೇ ತಿಂಗಳಲ್ಲಿ ಮದುವೆಯಾದವರಿಗೆ ಅದೇ 1720ರ ಫೆಬ್ರವರಿಯಲ್ಲಿ, ಮದುವೆಗೆ ಮೊದಲೇ ಮಗು ಹುಟ್ಟಿದಂತೆ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ 1720/21 ಎಂದು ಎರಡನ್ನೂ ಬರೆಯಿರಿ.

ಯಾರ್ಕ್‌ಶೈರಿನ ಒಂದು ಪ್ಯಾರಿಷ್‌ನಲ್ಲಿ ಒಂದೇ ವರ್ಷ ಇಬ್ಬರು ಮೂವರು ಜಾನ್ ವಾಕರ್‌ಗಳು ದೀಕ್ಷೆ ಪಡೆದಿರುವುದು ಸಾಮಾನ್ಯ. ಮೊದಲು ಸಿಕ್ಕವನನ್ನು ಪೂರ್ವಜ ಮಾಡಿಕೊಳ್ಳಬೇಡಿ. ಎಲ್ಲ ಜಾನ್‌ಗಳ ಪಟ್ಟಿ ಮಾಡಿ, ಶವಸಂಸ್ಕಾರದ ಪುಸ್ತಕ ತೆರೆದು ಮಗುವಾಗಿದ್ದಾಗಲೇ ತೀರಿಕೊಂಡವರನ್ನು ಹೊಡೆದುಹಾಕಿ. ಎಷ್ಟೋ ವಂಶವೃಕ್ಷಗಳು ಎರಡು ವರ್ಷಕ್ಕೇ ಸತ್ತ ಮಗುವಿನ ಮೇಲೆ ನಿಂತಿವೆ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿಯಿತ್ತು, ಅದೂ ಗಮನದಲ್ಲಿರಲಿ. ಉಳಿದವರನ್ನು ಅವರ ಕಸುಬು, ವಾಸದ ಹಳ್ಳಿ, ಅಣ್ಣತಮ್ಮಂದಿರ ಹೆಸರು, ಉಯಿಲುಗಳಿಂದ ಬೇರ್ಪಡಿಸಿ. 1858ಕ್ಕಿಂತ ಹಿಂದಿನ ಉಯಿಲುಗಳು ಚರ್ಚಿನ ನ್ಯಾಯಾಲಯಗಳ ಕಡತಗಳಲ್ಲಿವೆ. ಇಬ್ಬರಲ್ಲಿ ಒಬ್ಬನನ್ನು ಆರಿಸಲು ಆಧಾರವೇ ಇಲ್ಲದಿದ್ದರೆ ಇಬ್ಬರನ್ನೂ ಬರೆದಿಟ್ಟು ಅಲ್ಲೇ ನಿಲ್ಲಿ.

ಹುಡುಕುವಾಗ ಕಾಗುಣಿತವನ್ನು ಸಡಿಲ ಬಿಡಿ. ವಾವ್ಕರ್, ವೇಕರ್, ವಾಲ್ಕಾರ್ ರೂಪಗಳಿಗೂ ಜಾಗವಿರಲಿ. ನಡುವಿನ ಅಕ್ಷರಕ್ಕೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿ. 16, 17ನೇ ಶತಮಾನದ ಕೈಬರಹದಲ್ಲಿ ದೊಡ್ಡ ಎಫ್ ಅಕ್ಷರವನ್ನು ಎರಡು ಸಣ್ಣ ಎಫ್ ಸೇರಿಸಿ ಬರೆಯುತ್ತಿದ್ದರು. ಹಾಗಾಗಿ ಫುಲ್ಲರ್ ಹುಡುಕುವವರು ಎರಡು ಎಫ್ ಹಾಕಿಯೂ ನೋಡಬೇಕು.

1538ರ ಹಿಂದೆ ಬಡವರ ಹೆಸರು ಸಿಗುವುದು ತೆರಿಗೆ ಪಟ್ಟಿಗಳಲ್ಲಿ. 1377, 1379, 1381ರಲ್ಲಿ ತಲೆಗಂದಾಯ ಎತ್ತಿದರು. 1377ರದು 14 ದಾಟಿದ ಎಲ್ಲರ ಮೇಲೆ ತಲೆಗೆ ನಾಲ್ಕು ಪೆನ್ಸ್, ಭಿಕ್ಷುಕರಿಗೆ ಮಾತ್ರ ವಿನಾಯಿತಿ. ಯಾರ್ಕ್‌ಶೈರಿನ ಪಶ್ಚಿಮ ಭಾಗದ 1379ರ ಪಟ್ಟಿಯಲ್ಲಿ ಅನೇಕರ ಹೆಸರಿನ ಮುಂದೆ ಕಸುಬೂ ಇದೆ. ವಾಕರ್ ಎಂಬ ಹೆಸರಿನವನ ಕಸುಬೂ ಅದೇ ಆಗಿದ್ದರೆ ಹೆಸರು ಇನ್ನೂ ಹಸಿಯಾಗಿದೆ ಎಂದು ತಿಳಿಯಬಹುದು. ಕಸುಬು ಬೇರೆ ಇದ್ದರೆ ಹೆಸರು ತಂದೆಯಿಂದಲೋ ತಾತನಿಂದಲೋ ಇಳಿದು ಬಂದು ಗಟ್ಟಿಯಾಗಿದೆ. 1413ರ ಕಾನೂನಿನ ನಂತರ ನ್ಯಾಯಾಲಯದ ಕೆಲವು ಕಾಗದಗಳಲ್ಲಿ ಆರೋಪಿಯ ಕಸುಬು, ಊರು ಬರೆಯುವುದು ಕಡ್ಡಾಯವಾಯಿತು. ಅಲ್ಲೂ ಇದೇ ಪರೀಕ್ಷೆ ಮಾಡಬಹುದು.

ಹಣ ಕೊಟ್ಟು ಮೋಸ ಹೋಗಬೇಡಿ

'ವಾಕರ್ ಕುಟುಂಬದ ಲಾಂಛನ' ಎಂದು ಚೌಕಟ್ಟು ಹಾಕಿಸಿ ಮಾರುತ್ತಾರೆ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು 1484ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಆರ್ಮ್ಸ್. ಅದು ಒಬ್ಬ ವ್ಯಕ್ತಿಗೆ ಮತ್ತು ಅವನ ನೇರ ಸಂತತಿಗೆ ಸೇರಿದ್ದು, ಅಡ್ಡಹೆಸರಿಗೆ ಸೇರಿದ್ದಲ್ಲ. ಅದೇ ಹೆಸರಿನ ಇನ್ನೊಬ್ಬರಿಗೆ ಅದರ ಮೇಲೆ ಹಕ್ಕಿಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸುವವರು ವೈ ಕ್ರೋಮೋಸೋಮಿನದನ್ನೇ ಆರಿಸಬೇಕು, ಅದು ಹೆಸರಿನಂತೆಯೇ ತಂದೆಯಿಂದ ಮಗನಿಗೆ ಇಳಿಯುತ್ತದೆ. ಲೀಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳು ಪರೀಕ್ಷಿಸಿದಾಗ ಅಟೆನ್‌ಬರೊನಂಥ ಅಪರೂಪದ ಹೆಸರಿನವರಲ್ಲಿ ಹೆಚ್ಚಿನವರು ಒಂದೇ ಮೂಲದವರೆಂದು ಕಂಡಿತು. ಸ್ಮಿತ್ ಎಂಬ ಹೆಸರಿನವರಲ್ಲಿ ಅಂಥ ನಂಟು ಕಾಣಲಿಲ್ಲ. ವಾಕರ್ ಸ್ಮಿತ್‌ನ ಜಾತಿಯದು. ಇಬ್ಬರು ವಾಕರ್‌ಗಳ ವೈ ಹೊಂದದಿದ್ದರೆ ಅದು ನಿರೀಕ್ಷಿತ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1024 ಪೂರ್ವಜರ ಸ್ಥಾನಗಳಿವೆ, ಅಡ್ಡಹೆಸರು ಅವುಗಳಲ್ಲಿ ಒಂದೇ ಒಂದು ಎಳೆಯನ್ನು ಹೇಳುತ್ತದೆ.

ಬೆಂಗಳೂರು, ಹುಬ್ಬಳ್ಳಿ, ಕೆಜಿಎಫ್ ಕಡೆಯವರಿಗೆ

ಕಂಟೋನ್ಮೆಂಟ್, ರೈಲ್ವೆ ಕಾಲನಿ, ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇಂಗ್ಲಿಷ್ ಅಡ್ಡಹೆಸರುಗಳಿವೆ. ಅವರ ಹಳೆಯ ಕಾಗದ ಇಂಗ್ಲೆಂಡಿನ ಪ್ಯಾರಿಷ್‌ನಲ್ಲಿ ನೇರವಾಗಿ ಸಿಗುವುದಿಲ್ಲ. ಕಂಪನಿ ಮತ್ತು ಬ್ರಿಟಿಷ್ ಸರ್ಕಾರದ ಕಾಲದಲ್ಲಿ ಇಲ್ಲಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪ್ರತಿಗಳನ್ನು ಲಂಡನ್ನಿಗೆ ಕಳಿಸುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ: ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಬೊಂಬಾಯಿ. ಬೆಂಗಳೂರು ಮೈಸೂರು ಸೀಮೆಯಲ್ಲಿದ್ದರೂ ಕಂಟೋನ್ಮೆಂಟಿನ ಚರ್ಚು ಮದರಾಸಿಗೆ ಸೇರಿತ್ತು, ಆದ್ದರಿಂದ ಎನ್/2 ನೋಡಬೇಕು. 19ನೇ ಶತಮಾನದ ಹೆಚ್ಚಿನ ಕಾಲ ಬೊಂಬಾಯಿ ಆಡಳಿತದಲ್ಲಿದ್ದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಯವರಿಗೆ ಎನ್/3. ಬ್ರಿಟಿಷ್ ಭಾರತದ ಕುಟುಂಬಗಳ ಅಧ್ಯಯನಕ್ಕೆಂದೇ ಇರುವ ಫಿಬಿಸ್ ಸಂಘದ ಸೂಚಿಯಲ್ಲಿ ಉಚಿತವಾಗಿ ಹುಡುಕಬಹುದು.

ನಮೂದು ಸಿಕ್ಕಾಗ ತಂದೆಯ ರೆಜಿಮೆಂಟ್ ಅಥವಾ ಹುದ್ದೆ ಬರೆದಿದೆಯೇ ನೋಡಿ. ಸೈನಿಕನಾಗಿದ್ದರೆ ಸೇನೆಗೆ ಸೇರಿದಾಗ ಬರೆಸಿಕೊಂಡ ಅವನ ಹುಟ್ಟೂರು ಸೈನ್ಯದ ಕಡತದಲ್ಲಿ ಸಿಗಬಹುದು. ಅಲ್ಲಿಂದ ಇಂಗ್ಲೆಂಡಿನ ಪ್ಯಾರಿಷ್‌ಗೆ ದಾಟಿ, ಮೇಲೆ ಹೇಳಿದ ದಾರಿ ಹಿಡಿಯಿರಿ. ಸ್ಥಳೀಯ ಕ್ರೈಸ್ತ ಕುಟುಂಬವಾದರೆ ಹೆಸರು ಪಾದ್ರಿಯಿಂದಲೋ ದೀಕ್ಷೆಯಲ್ಲಿ ಹೆಸರಿಗೆ ನಿಂತವರಿಂದಲೋ ಬಂದಿರಬಹುದು. ಹಾಗಿದ್ದಲ್ಲಿ ಕುಟುಂಬದ ಚರಿತ್ರೆ ಇಂಗ್ಲೆಂಡಿಗೆ ಹೋಗುವುದಿಲ್ಲ, ದೀಕ್ಷೆ ನಡೆದ ಊರಿನ ಚರ್ಚಿನ ಪುಸ್ತಕದಲ್ಲೇ ಇರುತ್ತದೆ. ಮಂಗಳೂರಿನ ಡಿಸೋಜ, ಪಿಂಟೊ, ಲೋಬೊ ಹೆಸರುಗಳು ಪೋರ್ಚುಗೀಸ್ ಮೂಲದವು. ಅವುಗಳ ದಾರಿ ಗೋವೆಯ ಕಡೆಗೆ ಹೋಗುತ್ತದೆ; ಇಂಗ್ಲಿಷ್ ನಿಘಂಟು, ಪ್ಯಾರಿಷ್ ಪುಸ್ತಕಗಳನ್ನು ಅವಕ್ಕೆ ತೆರೆಯಬೇಕಿಲ್ಲ.